ಬೋರ್ಡಿನ ಮೂಲೆಯ ವಾಕ್ಯ

ನಾಗೇಂದ್ರ ಮೇಷ್ಟ್ರ ಬಗ್ಗೆ ಬರೆಯಬೇಕೆಂದು ಕೂತರೆ ನನಗೆ ಮೊದಲು ಬರುವುದು ಸಿಟ್ಟು. ಅವರೊಬ್ಬರ ಮೇಲಲ್ಲ. ಆ ವರ್ಷ ನಮ್ಮ ಹೈಸ್ಕೂಲಿನ ಸ್ಟಾಫ್ ರೂಮಿನಲ್ಲಿ ಕೂತು ಟೀ ಕುಡಿದ ಎಲ್ಲರ ಮೇಲೂ, ನನ್ನನ್ನೂ ಸೇರಿಸಿ. ನಾನು ಅಲ್ಲಿ ಕನ್ನಡದ ಮೇಡಂ, ಹೆಸರು ಇಂದಿರ, ಈಗ ರಿಟೈರಾಗಿ ಕೆ.ಆರ್. ಪೇಟೆಯ ಮನೆಯಲ್ಲಿದ್ದೇನೆ. ಸ್ಕೂಲು ಬೂಕನಕೆರೆಯಿಂದ ಒಳಗೆ ಹೋದರೆ ಸಿಗುವ ಒಂದು ಊರಿನದು. ಊರಿನ ಹೆಸರು ಹೇಳುವುದಿಲ್ಲ. ಅಲ್ಲಿಯವರು ಅನುಭವಿಸಿದ್ದು ಸಾಕು.

ನಾಗೇಂದ್ರ ಇಂಗ್ಲಿಷ್ ಮೇಷ್ಟ್ರು. ಮನೆ ಶ್ರೀರಂಗಪಟ್ಟಣದಲ್ಲಿ, ಕೋಟೆಯ ಒಳಗೆ, ತಲೆತಲಾಂತರದಿಂದ ದೇವಸ್ಥಾನದ ಸೇವೆಯಲ್ಲಿದ್ದ ಕುಟುಂಬ. ಬೆಳಿಗ್ಗೆ ಆರೂವರೆಯ ಬಸ್ಸು ಹತ್ತಿ, ಪಾಂಡವಪುರದಲ್ಲಿ ಇನ್ನೊಂದು ಬಸ್ಸಿಗೆ ಬದಲಾಯಿಸಿ, ಕೊನೆಯ ಎರಡು ಮೈಲಿ ಯಾರದಾದರೂ ಬೈಕಿನ ಹಿಂದೆ ಕೂತು ಬರುತ್ತಿದ್ದರು. ಅದಕ್ಕೂ ಮುಂಚೆ ಎಂಟು ವರ್ಷ ನಾಗಮಂಗಲದ ಕಡೆ ಇದ್ದವರು. ಎಲ್ಲೇ ಇರಲಿ, ಪ್ರಾರ್ಥನೆಯ ಗಂಟೆಗೆ ಐದು ನಿಮಿಷ ಮೊದಲು ಕಂಬದ ಪಕ್ಕ ನಿಂತಿರುತ್ತಿದ್ದರು. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಎರಡು ಪೆನ್ನು, ಒಂದು ನೀಲಿ ಒಂದು ಕೆಂಪು. ನೀಲಿ ಪೆನ್ನು ವರ್ಷಕ್ಕೊಂದು ಸಾಕಾಗುತ್ತಿತ್ತು, ಕೆಂಪು ತಿಂಗಳಿಗೆ ಎರಡು ಮುಗಿಯುತ್ತಿತ್ತು.

ಅವರ ಪ್ರಾಣವಿದ್ದದ್ದು ಒಂದು ಪಾಠದಲ್ಲಿ. ಇಂಗ್ಲಿಷಿನಲ್ಲಿ 'ಇಫ್' ಎಂದು ಶುರುವಾಗುತ್ತದಲ್ಲ, ಹೀಗಾದರೆ ಹಾಗಾಗುತ್ತದೆ ಎನ್ನುವ ವಾಕ್ಯ, ಅದು. ಬೇರೆ ಮೇಷ್ಟ್ರುಗಳು ಅದನ್ನು ಎರಡು ಪೀರಿಯಡ್ಡಿನಲ್ಲಿ ಮುಗಿಸಿದರೆ ಇವರು ಆರು ತಿಂಗಳು ಎಳೆಯುತ್ತಿದ್ದರು. ಬೋರ್ಡಿನಲ್ಲಿ ಮೂರು ಮನೆ ಹಾಕಿ, ಒಂದರ ಮೇಲೆ 'ಆಗಬಹುದು', ಎರಡನೆಯದರ ಮೇಲೆ 'ಆಗಲಾರದು', ಮೂರನೆಯದರ ಮೇಲೆ 'ಆಗಿಹೋಯಿತು' ಎಂದು ಕನ್ನಡದಲ್ಲೇ ಬರೆಯುತ್ತಿದ್ದರು. ಮಳೆ ಬಂದರೆ ನಾಟಿ ಮಾಡುತ್ತೇವೆ, ಇದು ಮೊದಲ ಮನೆ. ನಾನು ಹಕ್ಕಿಯಾಗಿದ್ದರೆ ಹಾರುತ್ತಿದ್ದೆ, ಇದು ಎರಡನೆಯದು. ಬೇಗ ಎದ್ದಿದ್ದರೆ ಬಸ್ಸು ಸಿಕ್ಕಿರುತ್ತಿತ್ತು, ಇದು ಮೂರನೆಯದು. ಮೂರಕ್ಕೂ ಇಂಗ್ಲಿಷಿನಲ್ಲಿ ಕ್ರಿಯಾಪದ ಬೇರೆ ಬೇರೆ ವೇಷ ಹಾಕುತ್ತದೆ, ಆ ವೇಷ ಗುರುತಿಸಿದರೆ ಪರೀಕ್ಷೆಯಲ್ಲಿ ಒಂದು ಮಾರ್ಕು. ನಿಮ್ಮ 'ಇಫ್' ಪುರಾಣವೆಲ್ಲ ನಮ್ಮ ಕನ್ನಡದ ಒಂದು 'ರೆ' ಅಕ್ಷರದಲ್ಲಿ ಮುಗಿಯಿತಲ್ಲ ಸಾರ್ ಎಂದು ನಾನು ಕೆಣಕುತ್ತಿದ್ದೆ. ಅವರು ನಗುತ್ತಿರಲಿಲ್ಲ. ಆ ವಿಷಯದಲ್ಲಿ ಅವರಿಗೆ ತಮಾಷೆ ಹಿಡಿಸುತ್ತಿರಲಿಲ್ಲ.

ಅದಕ್ಕೊಂದು ಕಾರಣವಿತ್ತು, ಒಮ್ಮೆ ಹೇಳಿದ್ದರು. ಅವರ ತಂದೆ ದೇವಸ್ಥಾನದಲ್ಲಿ ಸಂಕಲ್ಪ ಮಾಡಿಸುತ್ತಿದ್ದವರು. ಜನ ಬಂದು ಹರಕೆ ಹೇಳಿಕೊಳ್ಳುತ್ತಿದ್ದರು: ಮಗು ಆದರೆ ತುಲಾಭಾರ, ಜ್ವರ ಇಳಿದರೆ ತುಪ್ಪದ ದೀಪ. ಚಿಕ್ಕ ನಾಗೇಂದ್ರ ಪಕ್ಕದಲ್ಲಿ ತಟ್ಟೆ ಹಿಡಿದು ನಿಂತಿರುತ್ತಿದ್ದ. ತಂದೆ ಹೇಳುತ್ತಿದ್ದರಂತೆ, ದೇವರಿಗೆ ಏನು ಕೊಡುತ್ತಾರೆ ಅನ್ನುವುದನ್ನು ಬಿಡು, ಅದಕ್ಕೆ ಮೊದಲು ಏನು ಹೇಳಿದರು ಅದನ್ನು ಕೇಳಿಸಿಕೋ, ಅವರ ಭಯ ಅಲ್ಲಿರುತ್ತದೆ ಎಂದು. ಈ ಮಾತನ್ನು ನನಗೆ ಹೇಳುವಾಗ ನಾಗೇಂದ್ರರ ಮುಖದಲ್ಲಿ ಹೆಮ್ಮೆಯಿತ್ತು. ಅದಕ್ಕೇ ನಾನು ಮಕ್ಕಳಿಗೆ ಗೈಡಿನ ಹಕ್ಕಿ ವಾಕ್ಯ ಬರೆಯಬೇಡಿ, ನಿಮ್ಮ ಮನೆಯ ನಿಜ ವಾಕ್ಯ ಬರೆಯಿರಿ ಅನ್ನುತ್ತೇನೆ ಎಂದರು.

ಹಾಗೆ ಪ್ರತಿ ಜುಲೈನಲ್ಲಿ ಹತ್ತನೇ ಕ್ಲಾಸಿನವರು ಐದೈದು ನಿಜ ವಾಕ್ಯ ಬರೆದು ಕೊಡುವುದು ರೂಢಿಯಾಯಿತು. ಮೇಷ್ಟ್ರು ಅವನ್ನೆಲ್ಲ ತಿದ್ದಿ, ಒಂದನ್ನು ಆರಿಸಿ, ಆ ವರ್ಷದ ಮಾದರಿ ಮಾಡುತ್ತಿದ್ದರು. ಬೋರ್ಡಿನ ಬಲಗಡೆ ಮೇಲಿನ ಮೂಲೆಯಲ್ಲಿ ಚೌಕ ಹಾಕಿ ಅದನ್ನು ಬರೆದು, ಕೆಳಗೆ 'ಅಳಿಸಬೇಡಿ' ಎಂದು ಸೇರಿಸಿದರೆ ಮುಗಿಯಿತು, ಮಾರ್ಚ್ ತಿಂಗಳವರೆಗೆ ಅದು ಅಲ್ಲೇ. ದಿನಾ ಪ್ರಾರ್ಥನೆ ಮುಗಿದ ಮೇಲೆ ಇಡೀ ಕ್ಲಾಸು ಎದ್ದು ನಿಂತು ಅದನ್ನು ಹತ್ತು ಸಲ ಒಕ್ಕೊರಲಿನಿಂದ ಹೇಳಬೇಕು. ದಡ್ಡ ಮಕ್ಕಳಿಗೂ ಒಂದು ವಾಕ್ಯ ಬಾಯಿಗೆ ಬಂದರೆ ಒಂದು ಮಾರ್ಕು ಖಾತ್ರಿ ಎಂಬ ಲೆಕ್ಕ. ಪಕ್ಕದ ಒಂಬತ್ತನೇ ಕ್ಲಾಸಿನಲ್ಲಿ ನಾನು ಹಾಜರಿ ಕೂಗುವಾಗ ಗೋಡೆಯಾಚೆಯಿಂದ ಆ ಕೂಗು ಬರುತ್ತಿತ್ತು, ಮಗ್ಗಿ ಹೇಳಿದ ಹಾಗೆ.

ಆ ವರ್ಷದ ವಾಕ್ಯ ಬರೆದವಳು ಮೇಘನ.

ಮೇಘನಳ ಊರು ನಾಲೆಯ ಆಚೆ, ಸ್ಕೂಲಿನಿಂದ ನಾಲ್ಕು ಮೈಲಿ. ಅಪ್ಪ ಅಮ್ಮ ಇಬ್ಬರೂ ಬೆಳ್ಳೂರು ಕ್ರಾಸಿನ ಒಂದು ಹೋಟೆಲಿನಲ್ಲಿ ಕೆಲಸಕ್ಕಿದ್ದರು, ಅವಳು ತಾತ ಮಂಚಯ್ಯನ ಜೊತೆ ಇದ್ದಳು. ಮಂಚಯ್ಯ ಒಳ್ಳೆಯ ಮನುಷ್ಯ, ಆದರೆ ಹೆಣ್ಣುಮಕ್ಕಳ ವಿಷಯದಲ್ಲಿ ಒಂದೇ ಮಾತಿನವನು. ರಸ್ತೆಯಲ್ಲಿ ಏನೋ ಗಲಾಟೆಯಂತೆ ಎಂಬ ಸುದ್ದಿಗೇ ಅವನು ದೊಡ್ಡ ಮೊಮ್ಮಗಳನ್ನು ಏಳನೇ ಕ್ಲಾಸಿಗೆ ಸ್ಕೂಲು ಬಿಡಿಸಿದ್ದ. ಮೇಘನ ಹತ್ತನೇ ಕ್ಲಾಸಿನವರೆಗೆ ಬಂದದ್ದೇ ಆ ಮನೆಯಲ್ಲಿ ಒಂದು ಸಾಹಸ. ಉದ್ದನೆಯ, ಮಾತು ಕಮ್ಮಿಯ ಹುಡುಗಿ, ಅಕ್ಷರ ಮುತ್ತಿನಂತೆ.

ಅವಳ ಊರಿಗೆ ಬಸ್ಸಿಲ್ಲ. ಹದಿನಾಲ್ಕು ಮಕ್ಕಳಿಗೆ ಸೇರಿ ಒಂದು ವ್ಯಾನು ಗೊತ್ತುಮಾಡಿದ್ದರು, ಓಡಿಸುತ್ತಿದ್ದವನು ದಿಲೀಪ್, ಅದೇ ಊರಿನವನು, ಇಪ್ಪತ್ತಾರು ವರ್ಷ. ದಾರಿ ನಾಲೆಯ ಏರಿಯ ಮೇಲೆ. ಒಂದು ಕಡೆ ಗದ್ದೆಯ ಇಳಿಜಾರು, ಇನ್ನೊಂದು ಕಡೆ ನಾಲೆ, ನಡುವೆ ಒಂದು ವ್ಯಾನು ಹೋಗುವಷ್ಟೇ ಜಾಗ. ತಡೆಗೋಡೆ ಅಲ್ಲೊಂದು ಚೂರು ಇಲ್ಲೊಂದು ಚೂರು. ದಿಲೀಪ್ ರಾತ್ರಿ ಹೊತ್ತು ಇನ್ನೊಬ್ಬರ ಲಾರಿಯಲ್ಲಿ ಎಳನೀರು ಲೋಡು ಹೊಡೆಯುತ್ತಿದ್ದ, ಬೆಳಿಗ್ಗೆ ವಾಪಸು ಬಂದವನೇ ಮುಖ ತೊಳೆದು ಮಕ್ಕಳ ವ್ಯಾನು ಹತ್ತುತ್ತಿದ್ದ. ಊರಿನವರಿಗೆ ಇದು ಗೊತ್ತಿತ್ತು. ಕಷ್ಟಪಡುವ ಹುಡುಗ ಎಂದು ಹೊಗಳುತ್ತಿದ್ದರು.

ಮೇಘನ ತನ್ನ ಐದು ವಾಕ್ಯಗಳಲ್ಲಿ ಮೂರನೆಯದಾಗಿ ಹೀಗೆ ಬರೆದಿದ್ದಳು: ಇಫ್ ದಿಲೀಪ್ ಅಣ್ಣ ಸ್ಲೀಪ್ಸ್ ಅಗೇನ್, ಅವರ್ ವ್ಯಾನ್ ವಿಲ್ ಗೋ ಟು ಕೆನಾಲ್. ದಿಲೀಪಣ್ಣ ಮತ್ತೆ ನಿದ್ದೆ ಮಾಡಿದರೆ ನಮ್ಮ ವ್ಯಾನು ನಾಲೆಗೆ ಹೋಗುತ್ತದೆ.

ನಾಗೇಂದ್ರ ಮೇಷ್ಟ್ರು ಆ ನೋಟ್‌ಬುಕ್ಕನ್ನು ಸ್ಟಾಫ್ ರೂಮಿಗೆ ತಂದು ಗಟ್ಟಿಯಾಗಿ ಓದಿದರು. ನಾವು ನಕ್ಕೆವು. ಹೌದು, ನಕ್ಕೆವು. ಉಳಿದವರೆಲ್ಲ ಹಕ್ಕಿಯಾಗಿ ಹಾರುತ್ತಿರುವಾಗ ಈ ಹುಡುಗಿ ಡ್ರೈವರನ್ನು ನಾಲೆಗೆ ತಳ್ಳಿದ್ದಾಳಲ್ಲ ಎಂದವಳು ನಾನೇ. ಆಗ ಜುಲೈ ತಿಂಗಳು, ನಾಲೆ ಒಣಗಿ ಬಿದ್ದಿತ್ತು, ತಳದಲ್ಲಿ ಊರಿನ ಹುಡುಗರು ಕ್ರಿಕೆಟ್ ಆಡುತ್ತಿದ್ದರು. ಮೇಷ್ಟ್ರು ಕೆಂಪು ಪೆನ್ನು ತೆಗೆದು ಅಲ್ಲೇ ತಿದ್ದಿದರು. ಡ್ರೈವರನ ಹೆಸರು ಬರೆಯುವುದು ಮರ್ಯಾದೆಯಲ್ಲ ಎಂದು ಹೆಸರು ಹೊಡೆದು 'ದ ಡ್ರೈವರ್' ಮಾಡಿದರು. ಮಾದರಿ ವಾಕ್ಯ ಚಿಕ್ಕದಾಗಿರಲಿ ಎಂದು 'ಅಗೇನ್' ಹೊಡೆದರು. ಹೋಗುತ್ತದೆ ಅನ್ನುವುದನ್ನು ಬೀಳುತ್ತದೆ ಎಂದು ಮಾಡಿದರು. ಕೊನೆಗೆ 'ಇಫ್ ದ ಡ್ರೈವರ್ ಸ್ಲೀಪ್ಸ್, ದ ವ್ಯಾನ್ ವಿಲ್ ಫಾಲ್ ಇನ್‌ಟು ದ ಕೆನಾಲ್' ಎಂದಾಯಿತು. ಪಕ್ಕದಲ್ಲಿ 'ಗುಡ್' ಎಂದು ಬರೆದು, ಸಹಿ ಹಾಕಿ, ತಾರೀಖು ಹಾಕಿದರು. ಈ ಹತ್ತು ವರ್ಷದಲ್ಲಿ ಇಷ್ಟು ಒಳ್ಳೆಯ ಉದಾಹರಣೆ ಸಿಕ್ಕಿರಲಿಲ್ಲ ಮೇಡಂ ಎಂದರು.

ಮಾರನೆಯ ದಿನ ಅದು ಬೋರ್ಡಿನ ಮೂಲೆಗೆ ಏರಿತು. ಆ ಮಧ್ಯಾಹ್ನ ಊಟದ ಬಿಡುವಿನಲ್ಲಿ ನಾನೂ ಮೇಷ್ಟ್ರೂ ಜಗುಲಿಯಲ್ಲಿ ನಿಂತಿದ್ದಾಗ ಮೇಘನ ಬಂದಳು. ಕೈಯಲ್ಲಿ ನೋಟ್‌ಬುಕ್ಕಿತ್ತು. ನನ್ನ ಕಡೆ ಒಮ್ಮೆ ನೋಡಿ, "ಸಾ, ನಾನು ಬರ್ದಿರೋದು ನಿಜ ಸಾ" ಎಂದಳು.

"ನಿಜಾನೇ ಬರೀಬೇಕು ಅಂತ ನಾನೇ ಹೇಳಿದ್ನಲ್ಲಮ್ಮ" ಎಂದರು ಮೇಷ್ಟ್ರು, ತುಂಬ ಪ್ರೀತಿಯಿಂದ. "ಚೆನ್ನಾಗಿ ಬರೆದಿದೀಯ. ಈಗ ಅದರಲ್ಲಿ ಒಂದೂ ತಪ್ಪಿಲ್ಲ."

ಅವಳು ಇನ್ನೇನೋ ಹೇಳುವವಳಂತೆ ನಿಂತಿದ್ದಳು. ಆಮೇಲೆ ಆಯ್ತು ಸಾ ಎಂದು ಹೋದಳು. ನಾನು ಅವಳ ಬೆನ್ನನ್ನು ನೋಡಿದೆ, ಎರಡು ಜಡೆ, ನೀಲಿ ರಿಬ್ಬನ್ನು. ಕನ್ನಡದಲ್ಲಿ ಹೇಳಿದರೆ ಅದು ಮನೆಗೆ ತಲುಪುತ್ತದೆ, ತಾತ ಸ್ಕೂಲು ಬಿಡಿಸುತ್ತಾನೆ. ಅದಕ್ಕೇ ಮನೆಯಲ್ಲಿ ಯಾರೂ ಓದಲಾರದ ಭಾಷೆಯಲ್ಲಿ, ಓದಬಲ್ಲ ಒಬ್ಬರಿಗೆ ಅವಳು ಅದನ್ನು ಬರೆದುಕೊಟ್ಟಿದ್ದಳು. ಇದು ಈಗ ನನಗೆ ಹಗಲಿನಷ್ಟು ಸ್ಪಷ್ಟವಾಗಿ ಕಾಣುತ್ತದೆ. ಆಗ ನಾನು ಡಬ್ಬಿಯಲ್ಲಿದ್ದ ಚಿತ್ರಾನ್ನದ ಬಗ್ಗೆ ಯೋಚಿಸುತ್ತಿದ್ದೆ.

ಆಗಸ್ಟಿನ ಎರಡನೇ ವಾರ ನಾಲೆಗೆ ನೀರು ಬಿಟ್ಟರು. ಊರಿಗೆಲ್ಲ ಖುಷಿ. ಮೊದಲ ದಿನ ಕೆಂಪು ನೀರು ಕಸಕಡ್ಡಿ ತಳ್ಳಿಕೊಂಡು ಬಂತು, ಹುಡುಗರು ನೆಟ್ಟಿದ್ದ ವಿಕೆಟ್ಟಿನ ಕೋಲುಗಳನ್ನೂ ಎತ್ತಿಕೊಂಡು ಹೋಯಿತು. ವಾರದಲ್ಲಿ ನೀರು ಏರಿಯಿಂದ ಎರಡು ಅಡಿ ಕೆಳಗೆ ನಿಂತಿತು. ನಿಂತಿತು ಅನ್ನುವುದು ತಪ್ಪು, ಮೇಲ್ನೋಟಕ್ಕೆ ನಿಂತ ಹಾಗೆ ಕಾಣುತ್ತದೆ, ಒಳಗೆ ಸೆಳೆತ ಎತ್ತಿನ ಬಲದ್ದು. ಗೋಡೆಯಾಚೆಯಿಂದ ಬರುತ್ತಿದ್ದ ವಾಕ್ಯ ಮಾತ್ರ ಬದಲಾಗಲಿಲ್ಲ. ದಿನಕ್ಕೆ ಹತ್ತು ಸಲ, ನಲವತ್ತೊಂದು ಬಾಯಿ.

ಅದೇ ತಿಂಗಳು ವ್ಯಾನಿನ ಎಡಗಡೆಯ ಕನ್ನಡಿ ಮುರಿದದ್ದು ಕಂಡೆ. ಏರಿಯ ಕಲ್ಲಿಗೆ ತಾಗಿತು ಎಂದ ದಿಲೀಪ್. ಇನ್ನೊಂದು ದಿನ ವ್ಯಾನಿನ ಹಿಂದಿನ ಚಕ್ರ ಪೂರ್ತಿ ಹಸಿ ಜೇಡಿ ಮೆತ್ತಿಕೊಂಡು ಬಂದಿತ್ತು. ಮಳೆ ಬಂದು ನಾಲ್ಕು ದಿನವಾಗಿತ್ತು, ರಸ್ತೆಯ ನಡುವೆ ಜೇಡಿ ಎಲ್ಲಿಂದ ಬರಬೇಕು ಎಂದು ಒಂದು ಕ್ಷಣ ಅನ್ನಿಸಿತು. ಗಂಟೆ ಹೊಡೆಯಿತು, ಒಳಗೆ ಹೋದೆ.

ವ್ಯಾನು ಬರುವುದು ದೂರದಿಂದಲೇ ತಿಳಿಯುತ್ತಿತ್ತು, ಏಕೆಂದರೆ ಮಕ್ಕಳು ಹಾಡಿಕೊಂಡು ಬರುತ್ತಿದ್ದರು. ಚಪ್ಪಾಳೆ, ಕೂಗು, ಪದ್ಯ, ಮಗ್ಗಿ, ಏನಾದರೊಂದು. ಹೆಡ್ ಮಾಸ್ಟರ್ ರಂಗಸ್ವಾಮಿಯವರಿಗೆ ಅದೆಂದರೆ ಹೆಮ್ಮೆ. ಬೇರೆ ಊರಿನ ಮಕ್ಕಳು ಮುಖ ಗಂಟಿಕ್ಕಿಕೊಂಡು ಬಂದರೆ ಈ ಊರಿನವು ಹಾಡಿಕೊಂಡು ಬರುತ್ತವೆ ಎನ್ನುತ್ತಿದ್ದರು. ನಾನೂ ಹಾಗೇ ಅಂದುಕೊಂಡಿದ್ದೆ, ಅಕ್ಟೋಬರಿನಲ್ಲಿ ಒಂದು ದಿನ ಆ ವ್ಯಾನಿನಲ್ಲಿ ಕೂರುವವರೆಗೆ.

ಅವತ್ತು ಆ ಊರಿನಲ್ಲಿ ಒಂದು ನಾಮಕರಣಕ್ಕೆ ಹೋಗಿ ಹಿಂದಿನ ದಿನ ಅಲ್ಲೇ ಉಳಿದಿದ್ದೆ. ಬೆಳಿಗ್ಗೆ ಮಕ್ಕಳ ಜೊತೆಯೇ ಹೋಗೋಣವೆಂದು ವ್ಯಾನು ಹತ್ತಿದೆ. ಮುಂದಿನ ಸೀಟಿನಲ್ಲಿ ಮಾನಸ ಕೂತಿದ್ದಳು, ಒಂಬತ್ತನೇ ಕ್ಲಾಸು, ನನ್ನ ಕ್ಲಾಸಿನವಳೇ, ಬಾಯಿ ಮುಚ್ಚಿಸಲಾಗದ ಚಿನಕುರುಳಿ. ಮೇಡಂ ಬಂದಿದ್ದಾರೆ, ನೀನು ಹಿಂದೆ ಬಾ ಎಂದು ಮೇಘನ ಅವಳನ್ನು ಕರೆಯಲಿಲ್ಲ. ಬದಲಿಗೆ ನನ್ನನ್ನೂ ಒತ್ತಿಕೊಂಡು ಅವಳ ಪಕ್ಕ ಕೂರಿಸಿದರು. ಇವತ್ತು ಮಾನಸನ ಪಾಳಿ ಮೇಡಂ ಎಂದಳು ಮೇಘನ. ಯಾವ ಪಾಳಿ ಎಂದು ನಾನು ಕೇಳಲಿಲ್ಲ, ಐದು ನಿಮಿಷದಲ್ಲಿ ತಾನಾಗಿ ತಿಳಿಯಿತು.

ಏರಿ ಹತ್ತಿದ ಕೂಡಲೇ ಮಾನಸ ದಿಲೀಪನ ಕಡೆ ತಿರುಗಿ ಮಾತು ಶುರು ಮಾಡಿದಳು. ದಿಲೀಪಣ್ಣ, ನಿನ್ನೆ ಎಷ್ಟು ಕಾಯಿ ಲೋಡು, ದಿಲೀಪಣ್ಣ, ನಿಂಗೆ ಹೆಣ್ಣು ನೋಡೋಕೆ ಹೋಗಿದ್ರಂತೆ. ಅವನು ಹೂಂ ಎನ್ನುತ್ತಿದ್ದ. ಹೂಂ ತಡವಾದರೆ ಅವಳು ಅವನ ತೋಳು ತಟ್ಟುತ್ತಿದ್ದಳು. ಹಿಂದಿನವರು ಚಪ್ಪಾಳೆ ಹೊಡೆದು ಹಾಡುತ್ತಿದ್ದರು. ಹಾಡುಗಳು ಖಾಲಿಯಾದವು. ಆಗ ಯಾರೋ ಶುರು ಮಾಡಿದರು, ಎಲ್ಲರೂ ಸೇರಿದರು, ಎಂಟನೇ ಕ್ಲಾಸಿನ ಪುಟಾಣಿಗಳೂ ಸೇರಿದವು: ಇಫ್ ದ ಡ್ರೈವರ್ ಸ್ಲೀಪ್ಸ್, ದ ವ್ಯಾನ್ ವಿಲ್ ಫಾಲ್ ಇನ್‌ಟು ದ ಕೆನಾಲ್. ನನ್ನ ಎಡಗಡೆ, ಕಿಟಕಿಯಿಂದ ಎರಡು ಮೊಳ ದೂರದಲ್ಲಿ, ನೀರು ನಮ್ಮ ಜೊತೆಗೇ ಓಡುತ್ತಿತ್ತು.

ನಾನು ದಿಲೀಪನನ್ನು ನೋಡಿದೆ. ಕಣ್ಣು ಕೆಂಪಗೆ ಊದಿಕೊಂಡಿತ್ತು. ಅವನು ನನ್ನ ನೋಟ ಕಂಡು ನಕ್ಕ. "ಡ್ರೈವರು, ವ್ಯಾನು, ಕೆನಾಲು ಅಂದ್ರೆ ನಂಗೂ ತಿಳೀತದೆ ಮೇಡಂ. ನನ್ನೇ ಅಂತಾವೆ ಮಕ್ಳು. ಇಂಗೆ ಕೂಗ್ತಾ ಇದ್ರೆ ನಿದ್ದೆ ಬರಾಕಿಲ್ಲ ಬುಡಿ."

ಸ್ಕೂಲಿನ ಮುಂದೆ ಇಳಿದೆ. ನೇರವಾಗಿ ಹೆಡ್ ಮಾಸ್ಟರ ರೂಮಿಗೆ ಹೋಗಿ ಹೇಳಿದೆ. ಇಷ್ಟಾದರೂ ಮಾಡಿದೆ ಎಂದು ಬರೆದುಕೊಳ್ಳುವ ಆಸೆ ನನಗಿದೆ, ಆದರೆ ಮಾಡಿದ್ದು ಇಷ್ಟೇ. ರಂಗಸ್ವಾಮಿಯವರು ಕೇಳಿಸಿಕೊಂಡರು. ವ್ಯಾನು ನಿಂತರೆ ಹದಿನಾಲ್ಕು ಹಾಜರಿ ಹೋಗುತ್ತದೆ, ಅದರಲ್ಲಿ ಒಂಬತ್ತು ಹೆಣ್ಣುಮಕ್ಕಳು, ಒಂದು ಸಲ ಮನೆಯಲ್ಲಿ ಕೂತರೆ ಮತ್ತೆ ಬರುವವಲ್ಲ, ಮೊದಲು ಬೇರೆ ಡ್ರೈವರು ಹುಡುಕೋಣ, ಹಬ್ಬ ಕಳೆಯಲಿ ಎಂದರು. ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ನಾಗೇಂದ್ರ ಮೇಷ್ಟ್ರಿಗೂ ಹೇಳಿದೆ. ಅವರು ದಿಲೀಪನನ್ನು ಕರೆದು ಮಾತಾಡುತ್ತೇನೆ ಎಂದರು, ಮಾತಾಡಿದರೂ. ದಿಲೀಪ್ ಕೈ ಮುಗಿದು, ಇನ್ನೊಂದು ತಿಂಗಳು ಸಾ, ತಂಗಿ ಮದುವೆ ಆಗ್ಲಿ, ರಾತ್ರಿ ಲೋಡು ಬುಟ್ಬುಡ್ತೀನಿ ಎಂದನಂತೆ. ಮೇಷ್ಟ್ರಿಗೆ ಸಮಾಧಾನವಾಯಿತು. ನನಗೂ ಆಯಿತು. ವಾಕ್ಯ ಬೋರ್ಡಿನಲ್ಲೇ ಇತ್ತು, ಅದನ್ನು ಇಳಿಸಬೇಕು ಎಂದು ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ದೀಪಾವಳಿ ಕಳೆಯಿತು. ಕಾರ್ತಿಕದ ಮಂಜು ಶುರುವಾಯಿತು. ಬೆಳಿಗ್ಗೆ ಒಂಬತ್ತು ಗಂಟೆಯವರೆಗೂ ನಾಲೆಯ ಮೇಲೆ ಹೊಗೆಯಂತೆ ಕೂತಿರುತ್ತಿತ್ತು, ಏರಿ ಯಾವುದು ನೀರು ಯಾವುದು ತಿಳಿಯುತ್ತಿರಲಿಲ್ಲ. ವ್ಯಾನು ಕಾಣುವ ಮೊದಲು ಹಾಡು ಕೇಳುತ್ತಿತ್ತು. ನಾನು ಬಾಗಿಲಲ್ಲಿ ನಿಂತು ಆ ಹಾಡಿಗೆ ಕಾಯುವುದು ಅಭ್ಯಾಸವಾಗಿತ್ತು. ಕೇಳಿದ ಮೇಲೆ ಒಳಗೆ ಹೋಗುತ್ತಿದ್ದೆ.

ನವೆಂಬರಿನ ಆ ಗುರುವಾರ ಹಾಡು ಕೇಳಲಿಲ್ಲ. ಪ್ರಾರ್ಥನೆಯ ಗಂಟೆಯಾಯಿತು. ಪ್ರಾರ್ಥನೆ ಮುಗಿಯಿತು. ಸಾಲಿನಲ್ಲಿ ಅಲ್ಲಲ್ಲಿ ಖಾಲಿ ಜಾಗ. ಮಂಜಲ್ಲವೇ, ನಿಧಾನವಾಗಿ ಬರುತ್ತಿರಬೇಕು ಎಂದರು ಯಾರೋ. ಮಕ್ಕಳು ಕ್ಲಾಸಿಗೆ ಹೋದರು. ನಾನು ಹಾಜರಿ ಪುಸ್ತಕ ತೆರೆದು ಮಾನಸ ಎಂದು ಕೂಗಿ, ಉತ್ತರವಿಲ್ಲದೆ, ಪೆನ್ನು ಹಿಡಿದುಕೊಂಡು ಹಾಗೇ ಕೂತೆ. ಗೋಡೆಯಾಚೆ ನಾಗೇಂದ್ರ ಮೇಷ್ಟ್ರು ಕೋಲಿನಿಂದ ಬೋರ್ಡು ತಟ್ಟಿದ್ದು ಕೇಳಿಸಿತು. ಕ್ಲಾಸು ಎದ್ದು ನಿಂತಿತು. ಇಫ್ ದ ಡ್ರೈವರ್ ಸ್ಲೀಪ್ಸ್ ಎಂದು ಶುರುವಾಯಿತು. ಒಂದು, ಎರಡು, ಮೂರು. ನಾಲ್ಕನೆಯದು ಮುಗಿಯುವ ಹೊತ್ತಿಗೆ ಗೇಟಿನ ಹತ್ತಿರ ಒಂದು ಬೈಕು ಬಂದು ಬಿತ್ತು, ನಿಲ್ಲಿಸಲೂ ಪುರುಸೊತ್ತಿಲ್ಲದೆ ಅದನ್ನು ಬೀಳಿಸಿ ಒಬ್ಬ ಮನುಷ್ಯ ಓಡಿ ಬಂದ. ಸೊಂಟದವರೆಗೆ ನೆನೆದಿದ್ದ. ಗೋಡೆಯಾಚೆ ಐದನೆಯದು ನಡೆಯುತ್ತಿತ್ತು.

ಗದ್ದೆಗೆ ಬಂದಿದ್ದವರು ನೀರಿಗೆ ಹಾರಿದ್ದರು. ಹಿಂದಿನ ಬಾಗಿಲು ಒಡೆದು ಹದಿಮೂರು ಮಕ್ಕಳನ್ನು ಎಳೆದರು. ಮೇಘನ ಇಬ್ಬರು ಪುಟಾಣಿಗಳನ್ನು ಕತ್ತುಪಟ್ಟಿ ಹಿಡಿದು ಕಿಟಕಿಯ ಹೊರಗೆ ದೂಡಿದ್ದಳಂತೆ. ಮುಂದಿನ ಭಾಗ ಮೂಗು ಕೆಳಗಾಗಿ ಮುಳುಗಿತ್ತು. ದಿಲೀಪನನ್ನೂ, ಅವನನ್ನು ಮಾತಾಡಿಸುವ ಪಾಳಿ ಇದ್ದ ಮಾನಸಳನ್ನೂ ಮಧ್ಯಾಹ್ನ ತೆಗೆದರು. ಅವಳ ಕೈ ಅವನ ಅಂಗಿಯ ತೋಳನ್ನು ಹಿಡಿದಿತ್ತು ಎಂದು ತೆಗೆದವರು ಹೇಳಿದರು. ನಾನು ನೋಡಲು ಹೋಗಲಿಲ್ಲ. ಹೋಗುವ ಧೈರ್ಯವಿರಲಿಲ್ಲ, ಇವತ್ತಿಗೂ ಆ ಹೇಡಿತನಕ್ಕೆ ನಾಚುತ್ತೇನೆ.

ಎರಡು ದಿನ ಬಿಟ್ಟು ನಾನೂ ನಾಗೇಂದ್ರರೂ ಆ ಊರಿಗೆ ಹೋದೆವು. ಮಾನಸಳ ಮನೆಯಲ್ಲಿ ಯಾರೂ ನಮ್ಮ ಜೊತೆ ಮಾತಾಡಲಿಲ್ಲ. ಮೇಘನಳ ಮನೆಯಲ್ಲಿ ಮಂಚಯ್ಯ ಜಗುಲಿಯ ಮೇಲೆ ಮೊಮ್ಮಗಳ ಪಕ್ಕ ಕೂತಿದ್ದ. ದೊಡ್ಡ ಆಳು, ಎರಡೇ ದಿನದಲ್ಲಿ ಕುಗ್ಗಿಹೋಗಿದ್ದ. ನಮ್ಮನ್ನು ಕಂಡು ಎದ್ದು ನಿಂತು, ಮತ್ತೆ ಕೂತು, ನಮಗಲ್ಲ, ಅವಳಿಗೆ ಕೇಳಿದ. ಎಷ್ಟನೆಯ ಸಲ ಕೇಳುತ್ತಿದ್ದನೋ.

"ನಂಗ್ಯಾಕವ್ವ ಏಳ್ನಿಲ್ಲ ನೀನು?"

"ಏಳಿದ್ರೆ ಸ್ಕೂಲ್ ಬುಡುಸ್ತಿದ್ದೆ ತಾತ" ಎಂದಳು ಮೇಘನ. ದನಿಯಲ್ಲಿ ಸಿಟ್ಟಿರಲಿಲ್ಲ. ಮಂಚಯ್ಯ ಟವೆಲ್ಲನ್ನು ಬಾಯಿಗೆ ಒತ್ತಿಕೊಂಡ.

ವಾಪಸು ಏರಿಯ ಮೇಲೆ ನಡೆದೇ ಬಂದೆವು. ವ್ಯಾನು ಜಾರಿದ ಜಾಗದಲ್ಲಿ ಹುಲ್ಲು ಉದ್ದಕ್ಕೆ ಕಿತ್ತುಹೋಗಿತ್ತು. ಸ್ವಲ್ಪ ಹಿಂದೆ ಅಂಥದೇ ಇನ್ನೊಂದು ಗುರುತಿತ್ತು, ಹಳೆಯದು, ಹುಲ್ಲು ಮತ್ತೆ ಚಿಗುರಿದ್ದು. ಮೇಷ್ಟ್ರು ಅಲ್ಲಿ ನಿಂತುಬಿಟ್ಟರು. "ಅಪ್ಪ ಕೇಳಿಸಿಕೊಳ್ತಿದ್ರು ಇಂದಿರಮ್ಮ. ನಾನು ತಿದ್ದಿಬಿಟ್ಟೆ" ಎಂದರು. ನೀರು ಹರಿಯುತ್ತಿತ್ತು.

ಮುಂದಿನ ವಾರ ವಿಚಾರಣೆಗೆ ಅಧಿಕಾರಿ ಬರುತ್ತಾರೆಂದು ಸುದ್ದಿ ಬಂತು. ದೊಡ್ಡ ಕೋಣೆ ಹತ್ತನೇ ಕ್ಲಾಸಿನದೇ, ಅಲ್ಲಿಯೇ ಮೇಜು ಹಾಕಿದರು. ಅವತ್ತು ಬೆಳಿಗ್ಗೆ ರಂಗಸ್ವಾಮಿಯವರು ನನ್ನನ್ನು ಪಕ್ಕಕ್ಕೆ ಕರೆದು, "ಮೇಡಂ, ಒಸಿ ಆ ಬೋರ್ಡು ಒರೆಸ್ಬುಡಿ. ಪೂರ್ತಿ" ಎಂದರು. ಅವರ ಪರವಾಗಿ ಇಷ್ಟು ಹೇಳುತ್ತೇನೆ, ಅವರೂ ಒಂದು ವಾರದಿಂದ ನಿದ್ದೆ ಮಾಡಿರಲಿಲ್ಲ.

ನಾನು ಡಸ್ಟರ್ ತೆಗೆದುಕೊಂಡೆ. ಒಳಗೆ ಹೋಗಿ ಬೋರ್ಡಿನ ಮುಂದೆ ನಿಂತೆ. ಮೂರು ಮನೆಗಳಲ್ಲಿ ಮೂರನೆಯದು ಇನ್ನೂ ಖಾಲಿ ಇತ್ತು, ಆ ಪಾಠ ಆಗಿರಲಿಲ್ಲ. ಮೂಲೆಯ ಚೌಕದಲ್ಲಿ ವಾಕ್ಯವಿತ್ತು. ಒರೆಸಿದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ, ಮೇಷ್ಟ್ರ ನೌಕರಿ ಉಳಿಯುತ್ತದೆ, ಸ್ಕೂಲಿನ ಮರ್ಯಾದೆ ಉಳಿಯುತ್ತದೆ, ನನ್ನದೂ. ನಾನು ಕೈ ಎತ್ತಿದ್ದೆ, ಸುಳ್ಳು ಹೇಳುವುದಿಲ್ಲ. ಹಿಂದಿನಿಂದ ನಾಗೇಂದ್ರ ಬಂದು ನನ್ನ ಕೈಯಿಂದ ಡಸ್ಟರನ್ನು ಮೆಲ್ಲಗೆ ತೆಗೆದುಕೊಂಡರು. "ಅಳಿಸಬೇಡಿ ಅಂತ ಬರೆದಿದೆಯಲ್ಲ ಮೇಡಂ" ಎಂದು, ಅದನ್ನು ಮೇಜಿನ ಡ್ರಾಯರಿನಲ್ಲಿಟ್ಟರು.

ಅಧಿಕಾರಿ ಬೋರ್ಡಿಗೆ ಬೆನ್ನು ಮಾಡಿ ಕೂತರು. ಸಭ್ಯ ಮನುಷ್ಯ, ಮಕ್ಕಳನ್ನು ಹೆದರಿಸಲಿಲ್ಲ. ಊರಿನವರನ್ನು ಕೇಳಿದರು, ಹೆಡ್ ಮಾಸ್ಟರನ್ನು ಕೇಳಿದರು, ನನ್ನನ್ನು ಕೇಳಿದರು. ಅಕ್ಟೋಬರಿನ ನನ್ನ ಪ್ರಯಾಣವನ್ನು ನಾನು ಹೇಳಿದೆ. ಆಮೇಲೆ ಮೇಘನಳನ್ನು ಕರೆದರು. ಅವಳು ಮೇಜಿನ ಮುಂದೆ ಬಂದು ನಿಂತಳು, ಹಣೆಯ ಮೇಲೆ ಇನ್ನೂ ಪಟ್ಟಿಯಿತ್ತು.

"ಡ್ರೈವರು ನಿದ್ದೆ ಮಾಡ್ತಾನೆ ಅನ್ನೋದು ನಿಮಗೆ ಮೊದಲೇ ಗೊತ್ತಿತ್ತಾಮ್ಮ?"

"ಗೊತ್ತಿತ್ತು ಸಾ."

"ಮತ್ತೆ ಯಾರಿಗೂ ಹೇಳಲಿಲ್ವಾ?"

ಮೇಘನ ತಲೆ ಎತ್ತಿದಳು. ಅವಳಿಗೆ ಆ ಪ್ರಶ್ನೆ ಅರ್ಥವೇ ಆಗಲಿಲ್ಲ ಅನ್ನುವ ಹಾಗೆ ಅವರನ್ನು ನೋಡಿದಳು.

"ಹೇಳಿದ್ವಿ ಸಾ. ದಿನಾ ಹೇಳ್ತಿದ್ವಿ. ಎಲ್ರೂ ಒಟ್ಟಿಗೆ, ಎದ್ದು ನಿಂತ್ಕೊಂಡು."

ಹುಡುಗಿ ಇನ್ನೂ ಆಘಾತದಲ್ಲಿದ್ದಾಳೆ ಎಂದುಕೊಂಡಿರಬೇಕು, ಅಧಿಕಾರಿ ಮೃದುವಾಗಿ, ಆಯ್ತಮ್ಮ, ಕೂತ್ಕೋ ಎಂದರು. ಅವಳು ಕೂರಲಿಲ್ಲ. ಅವರ ತಲೆಯ ಮೇಲಿನಿಂದ ಬೋರ್ಡಿನ ಮೂಲೆಯನ್ನು ನೋಡುತ್ತಾ ನಿಂತಳು.

ಆಗ ನಾಗೇಂದ್ರ ಮೇಷ್ಟ್ರು ಎದ್ದರು. ಕೈಯಲ್ಲಿ ಮೇಘನಳ ಹಳೆಯ ನೋಟ್‌ಬುಕ್ಕಿತ್ತು. ಅದನ್ನು ತೆರೆದು ಮೇಜಿನ ಮೇಲಿಟ್ಟು, ಬೋರ್ಡನ್ನು ನೋಡದೆ, ಪಾಠ ಹೇಳುವ ದನಿಯಲ್ಲಿ ಹೇಳಿದರು: "ದಿಲೀಪಣ್ಣ ಮತ್ತೆ ನಿದ್ದೆ ಮಾಡಿದರೆ ನಮ್ಮ ವ್ಯಾನು ನಾಲೆಗೆ ಹೋಗುತ್ತದೆ. ಮತ್ತೆ ಅಂತ ಅವಳು ಬರೆದಿದ್ದಳು ಸಾರ್. ಹೊಡೆದು ಹಾಕಿದವನು ನಾನು."

ನಾಲ್ಕು ತಿಂಗಳು ಗೋಡೆಯಾಚೆಯಿಂದ ಆ ವಾಕ್ಯ ಕೇಳಿದ್ದೆ. ಅವರ ಬಾಯಿಂದ ಅದನ್ನು ಕನ್ನಡದಲ್ಲಿ ಕೇಳಿದ್ದು ಅದೇ ಮೊದಲು.

ಅಧಿಕಾರಿ ಹಿಂದಕ್ಕೆ ತಿರುಗಿ ಬೋರ್ಡನ್ನು ಓದಿದರು. ಆಮೇಲೆ ನೋಟ್‌ಬುಕ್ಕನ್ನು ಹತ್ತಿರ ಎಳೆದುಕೊಂಡು, ಮುತ್ತಿನಂಥ ಅಕ್ಷರಗಳ ಮೇಲೆ ಬೆರಳಿಟ್ಟು ಓದುತ್ತಾ ಹೋದರು. ಕೆಂಪು ಗೀಟುಗಳನ್ನು ದಾಟಿ, ಸಾಲಿನ ಕೊನೆಯಲ್ಲಿ 'ಗುಡ್' ಎಂದಿದ್ದ ಕಡೆ ಬೆರಳು ನಿಂತಿತು. ಕೆಳಗಿನ ತಾರೀಖನ್ನು ಗಟ್ಟಿಯಾಗಿ ಓದಿದರು, ಜುಲೈ ಹದಿನಾಲ್ಕು.

"ಹೌದು ಸಾರ್" ಎಂದರು ಮೇಷ್ಟ್ರು. "ಆಗ ನಾಲೇಲಿ ನೀರಿರಲಿಲ್ಲ."